ಒಂದೇ ಎಳೆ, ಎಂಟು ಮನೆ

ಪ್ರಶ್ನೆ: ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ಓಣಿಯ ಕಂಬಕ್ಕೆ ಒಂದು ಡಬ್ಬಿ ಕಟ್ಟಿ ಎಂಟು ಮನೆಗೆ ಫೈಬರ್ ಇಂಟರ್‌ನೆಟ್ ಕೊಟ್ಟಿದ್ದಾರೆ. ಒಳಗೆ ಬರೋದು ಒಂದೇ ಎಳೆ, ಡಬ್ಬಿಗೆ ಕರೆಂಟೂ ಇಲ್ಲ. ಬೆಳಕನ್ನು ಹೇಗೆ ಹಂಚುತ್ತಾರೆ? ನೀರಿನ ಹಾಗೆ ಕೊನೆ ಮನೆಗೆ ಕಡಿಮೆ ಬರುತ್ತಾ?
- ಓದುಗರು, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ಆ ಭಯ ಬೇಡ. ಕಾಲುವೆಯಲ್ಲಿ ಮೇಲಿನವರು ಜಾಸ್ತಿ ಎಳೆದುಕೊಂಡರೆ ಕೆಳಗಿನವರ ಗದ್ದೆ ಒಣಗುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ಡಬ್ಬಿಯೊಳಗೆ ಬೆಳಕು ಹಂಚುವ ಸ್ಪ್ಲಿಟರ್‌ನಲ್ಲಿ ಹಾಗಾಗುವುದಿಲ್ಲ. ಅದರಲ್ಲಿ ಒಂದು ಪುಟ್ಟ ಗಾಜಿನ ತುಂಡು ಇರುತ್ತದೆ, ಆ ಗಾಜಿನೊಳಗೇ ಬೆಳಕಿನ ದಾರಿ ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಕವಲೊಡೆದಿರುತ್ತದೆ. ಪ್ರತಿ ಕವಲಲ್ಲೂ ಅರ್ಧರ್ಧ. ಹಾಗಾಗಿ ಎಂಟೂ ಎಳೆಗೆ ಹೆಚ್ಚುಕಡಿಮೆ ಸಮಪಾಲು, ದಾರಿಯಲ್ಲಿ ಚೂರು ಸೋರಿಹೋಗುವುದು ಬಿಟ್ಟರೆ. ಎತ್ತಿ ಇಳಿಸೋಕೆ ಗೇಟೇ ಇಲ್ಲ, ಕರೆಂಟು ಯಾಕೆ ಬೇಕು?

ಇನ್ನೊಂದು ಮಾತು. ನೀರು ಹಂಚಿದರೆ ನೀರೇ ಕಡಿಮೆಯಾಗುತ್ತದೆ. ಬೆಳಕು ಹಂಚಿದಾಗ ಕಡಿಮೆಯಾಗೋದು ಹೊಳಪು ಮಾತ್ರ. ಬೆಳಕು ಮಿನುಗಿ ಮಿನುಗಿ ತರುವ ಮಾಹಿತಿ ಎಂಟೂ ಮನೆಗೆ ಪೂರ್ತಿ ಬರುತ್ತದೆ, ನಿಮ್ಮ ಮನೆಯ ಪೆಟ್ಟಿಗೆ ಅದರಲ್ಲಿ ನಿಮ್ಮದನ್ನಷ್ಟೇ ಆರಿಸಿಕೊಳ್ಳುತ್ತದೆ. ಸಂಜೆ ಎಲ್ಲರೂ ವಿಡಿಯೋ ಹಚ್ಚಿ ಕೂತಾಗ ನಿಧಾನವಾದರೆ, ಒಂದೇ ಎಳೆಯ ಸಮಯವನ್ನು ಎಲ್ಲರೂ ಹಂಚಿಕೊಳ್ಳಬೇಕಲ್ವಾ, ಅದಕ್ಕೆ ಇರಬಹುದು. ಆಗ ಮೊದಲ ಮನೆಗೂ ಅದೇ ಪಾಡು.

ಬೆಳಕನ್ನು ಒಡೆಯುವ ಗಾಜು ನಿಮ್ಮ ಮನೆಯಲ್ಲೂ ಇದೆ. ರಾತ್ರಿ ಲೈಟ್ ಹಾಕಿ ಕಿಟಕಿ ಗಾಜಿನ ಮುಂದೆ ನಿಲ್ಲಿ. ನಿಮ್ಮ ಮುಖ ಕಾಣುತ್ತದೆ, ಮುಖದ ಮೇಲೇ ಹೊರಗಿನ ಬೀದಿದೀಪವೂ ಕಾಣುತ್ತದೆ. ಸಾದಾ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಲ್ಲಿ ಸುಮಾರು ಶೇ. 4ರಷ್ಟನ್ನು ವಾಪಸ್ ಕಳಿಸಿ, ಉಳಿದದ್ದನ್ನು ಆಚೆ ಬಿಡುತ್ತದೆ. ಅದೇ ಗಾಜಿಗೆ ಬೆಳ್ಳಿಯನ್ನು ತೀರಾ ತೆಳ್ಳಗೆ ಲೇಪಿಸಿದರೆ ಅರ್ಧ ಈಚೆ, ಅರ್ಧ ಆಚೆ. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆ ಎಂಬ ವಿಜ್ಞಾನಿಗಳು ಇಂಥ ಗಾಜಿನಿಂದಲೇ ಬೆಳಕನ್ನು ಎರಡು ಮಾಡಿ, ಎರಡು ದಿಕ್ಕಿಗೆ ಓಡಿಸಿ, ಮತ್ತೆ ಕೂಡಿಸಿ ನೋಡಿದರು. 2015ರಲ್ಲಿ ಬಾಹ್ಯಾಕಾಶದಿಂದ ಬಂದ ಗುರುತ್ವದ ಅಲೆ ಹಿಡಿದ ಅಮೆರಿಕದ ಲೈಗೋ ಯಂತ್ರದ ನಡುವೆಯೂ ಇರೋದು ಇದೇ ಉಪಾಯ, ಅದರಲ್ಲಿ ಬೆಳಕು ಓಡುವ ಒಂದೊಂದು ತೋಳು 4 ಕಿಲೋಮೀಟರ್ ಉದ್ದ.

ಒಂದು ಎಚ್ಚರಿಕೆ: ಡಬ್ಬಿ ತೆರೆದಾಗ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಹರಿಯೋದು ಇನ್‌ಫ್ರಾರೆಡ್ ಬೆಳಕು, ಬರುತ್ತಿದ್ದರೂ ಕಣ್ಣಿಗೆ ಕಾಣೋದೇ ಇಲ್ಲ. ಮನೆಯ ಮಕ್ಕಳಿಗೂ ಹೇಳಿಡಿ.