ವೆಂಟಿಲೇಟರ್ ಮೇಲಿರುವವರ ನೋವು ತಿಳಿಯುವುದು ಹೇಗೆ?

ನಮಸ್ಕಾರ. ಮಾತಾಡಲಾಗದ ರೋಗಿಗೆ ನೋವಿದೆಯಾ ಎಂದು ಹೇಗೆ ತಿಳಿಯುವುದು, ಪ್ಯಾಲಿಯೇಟಿವ್ ಆರೈಕೆಯ (ನೋವು, ಸಂಕಟ ತಗ್ಗಿಸುವ ಆರೈಕೆ) ತರಬೇತಿ ಎಲ್ಲಿದೆ ಎಂದು ಕೇಳಿದ್ದೀರಿ. ನಾನೂ ದಾವಣಗೆರೆಯಲ್ಲೇ ಐಸಿಯು ನರ್ಸ್.

ಬಿಪಿ, ನಾಡಿಯನ್ನಷ್ಟೇ ನಂಬಬೇಡಿ. ವರ್ತನೆ ನೋಡಿ ನೋವಿಗೆ ಅಂಕ ಹಾಕುವ ಸಿಪಿಒಟಿ (CPOT) ಎಂಬ ಅಳತೆ ಕಲಿಯಿರಿ. ಇದರಲ್ಲಿ ನಾಲ್ಕನ್ನು ನೋಡಬೇಕು: ಮುಖಭಾವ, ಮೈ ಚಲನೆ, ಸ್ನಾಯುಗಳ ಬಿಗಿ, ವೆಂಟಿಲೇಟರ್ ಜೊತೆಗಿನ ಹೊಂದಿಕೆ. ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 8. 3 ಅಥವಾ ಜಾಸ್ತಿ ಬಂದರೆ ನೋವಿದೆ ಎಂದೇ ತಿಳಿದು ಡಾಕ್ಟರಿಗೆ ಹೇಳಿ. ಮಗ್ಗುಲು ಬದಲಿಸುವಾಗ, ಸಕ್ಷನ್ ಮಾಡುವಾಗ (ಕಫ ಹೀರಿ ತೆಗೆಯುವಾಗ) ತಪ್ಪದೆ ನೋಡಿ. ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ ಮಾತ್ರ ಇದು ನಡೆಯಲ್ಲ. ಅಲುಗಾಡದವರಿಗೆ ನೋವಿಲ್ಲ ಅಂತಲ್ಲ, ಅಲ್ವಾ? ಮನೆಯವರನ್ನೂ ಕೇಳಿ: "ನೋವಾದರೆ ಅಜ್ಜಿ ಏನು ಮಾಡ್ತಿದ್ರು?" ಒಬ್ಬ ಮಗಳು ನನಗೆ ಹೇಳಿದ್ದಳು, ಅವ್ವ ಹೆಬ್ಬೆರಳು ಮಡಚಿಕೊಳ್ತಾಳೆ ಅಂತ. ಆಮೇಲೆ ನಾನು ಮೊದಲು ನೋಡಿದ್ದು ಆ ಬೆರಳನ್ನೇ.

ತರಬೇತಿಗೆ ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಸಂಸ್ಥೆಯ ಆನ್‌ಲೈನ್ ಕೋರ್ಸ್‌ಗಳಿವೆ. ಬೆಂಗಳೂರಿನ ಪ್ಯಾಲಿಯೇಟಿವ್ ಆರೈಕೆ ಕೇಂದ್ರ ಕರುಣಾಶ್ರಯದಲ್ಲೂ ವಿಚಾರಿಸಿ. ಪ್ಯಾಲಿಯೇಟಿವ್ ಅಂದರೆ ಸಾಯುವವರಿಗೆ ಮಾತ್ರ ಎಂದು ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಗುಣಪಡಿಸುವ ಚಿಕಿತ್ಸೆಯ ಜೊತೆಗೇ ಇದನ್ನೂ ಶುರು ಮಾಡಬಹುದು. ನಾಳೆಯ ಡ್ಯೂಟಿಯಲ್ಲೇ ಒಬ್ಬ ರೋಗಿಗೆ ಅಂಕ ಹಾಕಿ ನೋಡಿ, ಅನುಮಾನ ಬಂದರೆ ಇಲ್ಲೇ ಕೇಳಿ.