ಹಣ್ಣಾದ ಹುಳಕ್ಕೆ ಸೊಪ್ಪು ಹಾಕ್ತಾರಾ?

"ಅಪ್ಪನಿಗೆ ಮಾತ್ರ ಹೇಳಬೇಡಿ ಮೇಡಂ." ಕ್ಯಾನ್ಸರ್ ರೋಗಿಗಳ ಮನೆಯವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಒಂದಷ್ಟು ವಿವರ ಬದಲಿಸಿದ್ದೇನೆ.

ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರು, ಅರವತ್ತು ದಾಟಿದವರು. ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೂ ಹರಡಿತ್ತು. ಇನ್ನು ಕೀಮೋ ಬೇಡ ಅಂತ ಡಾಕ್ಟರು ಮಗನಿಗೆ ಹೇಳಿದ್ದರು. ಮಗ ಅಪ್ಪನಿಗೆ ಹೇಳಿದ್ದು ಅಲ್ಸರ್ ಅಂತ. ಅಲ್ಸರ್‌ಗೆ ಯಾರಾದರೂ ಕೀಮೋ ಕೊಡ್ತಾರಾ? ಅಷ್ಟು ತಿಳಿಯದವರೇ ಅವರು?

ಮೂರನೇ ಭೇಟಿಗೆ ಮಗ, ಸೊಸೆ, ಅವರು ಮೂವರೂ ಬಂದರು. ಮಗ ಕೂತ ತಕ್ಷಣ ದೂರು ಶುರು ಮಾಡಿದ. ಎರಡು ತುತ್ತೂ ತಿನ್ನಲ್ಲ, ಮೂಗಿಗೆ ಪೈಪ್ ಹಾಕಿಸೋಣ ಅಂದ್ರೂ ಒಪ್ಪಲ್ಲ, ನೀವಾದ್ರೂ ಬುದ್ಧಿ ಹೇಳಿ. ನಾನು ಅವರ ಕಡೆ ತಿರುಗಿ, "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನ್ನಿಸುತ್ತೆ?" ಅಂತ ಕೇಳಿದೆ, ಅಷ್ಟೇ. ತುಂಬಾ ಹೊತ್ತು ಸುಮ್ಮನಿದ್ದರು. ಮಗ ಬಾಯಿ ಹಾಕಲು ಬಂದ, ಕೈಸನ್ನೆ ಮಾಡಿ ತಡೆದೆ.

"ಹುಳ ಹಣ್ಣಾದ ಮೇಲೆ ಸೊಪ್ಪು ಮುಟ್ಟುತ್ತಾ ಅಮ್ಮಾ?" ಅಂದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಸೊಸೆಯ ಕಣ್ಣು ತುಂಬಿತು. ಹುಳ ಮನೆ ನೋಡಿಕೊಳ್ಳುವವಳು ಅವಳೇ. ಹುಳ ಹಣ್ಣಾದರೆ ತಿನ್ನೋದು ಬಿಡುತ್ತೆ, ಆಮೇಲೆ ಸೊಪ್ಪು ಹಾಕಲ್ಲ, ಗೂಡು ಕಟ್ಟಲು ಚಂದ್ರಿಕೆ ಅನ್ನೋ ತಟ್ಟೆಗೆ ಬಿಡ್ತೀವಿ ಅಂತ ಅವಳೇ ಬಿಡಿಸಿ ಹೇಳಿದಳು. ಅವರಿಗೆ ಎಲ್ಲ ಗೊತ್ತಿತ್ತು. ಮಗ ನೊಂದಾನು ಅಂತ ಗೊತ್ತಿಲ್ಲದವರ ಹಾಗೆ ಇದ್ದರು, ಅಷ್ಟೇ.

ಆಮೇಲೆ ಮಾತು ತಾನಾಗಿ ಬಂತು. ಪೈಪ್ ಬೇಡ, ಐಸಿಯು ಬೇಡ, ನೋವು ಮಾತ್ರ ತಡೆಯಕ್ಕಾಗಲ್ಲ, ಮನೆಯ ಜಗಲಿ ಮೇಲೆ ಹಾಸಿಗೆ ಹಾಕಿ. ಚೀಟಿ ದುಡ್ಡು ಯಾರ ಹತ್ತಿರ ಇದೆ ಅಂತಲೂ ಹೇಳಿದರು!

ನನ್ನ ಸಲಹೆ ಮೂರು ಮಾತಿನದು. ಬಲವಂತವಾಗಿ ತಿನ್ನಿಸಬೇಡಿ, ಕೊನೆಯಲ್ಲಿ ಹಸಿವು ಹೋಗುವುದು ಕಾಯಿಲೆಯಿಂದ, ನೀವು ನೋಡಿಕೊಳ್ಳದೆ ಅಲ್ಲ. ನೋವಿಗೆ ಮಾರ್ಫಿನ್ ಮಾತ್ರೆ ಡಾಕ್ಟರ್ ಹೇಳಿದ ಹಾಗೆ ಕೊಡಿ, ಹೆದರಬೇಡಿ. ಈ ಇಷ್ಟಗಳನ್ನು ಕಾಗದದ ಮೇಲೆ ಬರೆಸಿ. ಇದಕ್ಕೆ ಲಿವಿಂಗ್ ವಿಲ್ ಅಂತಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು, 2023ರಲ್ಲಿ ಸುಲಭ ಮಾಡಿದ್ದು: ಇಬ್ಬರು ಸಾಕ್ಷಿಗಳು, ಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರವೂ ಇದರ ಬಗ್ಗೆ ಆದೇಶ ಹೊರಡಿಸಿತು. ಇದು ಸಾಯಿಸುವ ಇಂಜೆಕ್ಷನ್ ಅಲ್ಲ. ರೋಗಿಗೆ ತಾನೇ ಹೇಳಲು ಆಗದಿದ್ದಾಗ ಮಾತ್ರ ಈ ಕಾಗದ ಮಾತಾಡುತ್ತೆ, ಮನಸ್ಸು ಬದಲಾದರೆ ರದ್ದೂ ಮಾಡಬಹುದು.

ಆಸೆ ಕಿತ್ತುಕೊಂಡೆ ಅಂತ ಜೊತೆಯವರೊಬ್ಬರು ನನ್ನನ್ನೇ ಬೈದರು. ಇರಬಹುದು. ಆದರೆ ನಾನು ಏನನ್ನೂ ಹೇಳಲಿಲ್ಲ, ಕೇಳಿದೆ. ತಿಳಿಯಲು ಇಷ್ಟವಿಲ್ಲ ಅಂದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಒಬ್ಬೊಬ್ಬರು ಹಾಗೆ ಹೇಳುತ್ತಾರೆ, ಅದೂ ಅವರ ಹಕ್ಕೇ ಅಲ್ವಾ?

ನೋಟರಿ ಹತ್ತಿರ ಅವರು ಹೋಗಲೇ ಇಲ್ಲ. ಸೊಸೆ ಮಾತ್ರ ಎಲ್ಲವನ್ನೂ ಹುಳದ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟುಕೊಂಡಿದ್ದಳು. ಒಂದು ರಾತ್ರಿ ಉಸಿರು ಜೋರಾದಾಗ ಮಗ ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದ, ಡ್ರಿಪ್ ಹಾಕಿಸಿದ. ಬೆಳಿಗ್ಗೆ ಅವಳು ಪುಸ್ತಕ ತಂದು ಗಂಡನ ಮುಂದೆ ಹಿಡಿದಳಂತೆ. ವಾಪಸ್ ಕರೆತಂದರು. ಹನ್ನೊಂದು ದಿನ ಜಗಲಿಯ ಮೇಲಿದ್ದರು.