ರೇಸ್‌ಗೆ ಕಾರ್ ರೆಡಿ ಮಾಡುವಾಗ ಮೊದಲು ತೂಕ ಇಳಿಸ್ಬೇಕಾ, ರೋಲ್ ಕೇಜ್ (ಕಾರ್ ಮಗುಚಿದ್ರೆ ಒಳಗಿರೋರನ್ನ ಕಾಪಾಡೋ ಸ್ಟೀಲ್ ಪೈಪಿನ ಚೌಕಟ್ಟು) ಹಾಕ್ಬೇಕಾ?
ಮೊದಲು ಒಳಗಿರೋದೆಲ್ಲ ಬಿಚ್ಚಿ, ಆಮೇಲೆ ಕೇಜ್. ಹಿಂದಿನ ಸೀಟು, ಕಾರ್ಪೆಟ್, ಡೋರ್ ಟ್ರಿಮ್ ಎಲ್ಲ ಸುಲಭವಾಗಿ ಬರುತ್ತೆ, ಕಾಟ ಕೊಡೋದು ಫ್ಲೋರ್‌ಗೆ ಅಂಟಿರೋ ಟಾರಿನ ಶೀಟು. ಅದರ ಮೇಲೆ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಹರಡಿ ಸ್ವಲ್ಪ ಹೊತ್ತು ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ರೆ ಗಾಜಿನ ಥರ ಚೂರುಚೂರಾಗಿ ಎದ್ದು ಬರುತ್ತೆ, ಆದ್ರೆ ಗ್ಲೌಸ್ ಹಾಕ್ಕೊಳ್ಳಿ, ಬಾಗಿಲೆಲ್ಲ ತೆರೆದಿಡಿ, ಡ್ರೈ ಐಸ್‌ನಿಂದ ಬರೋ ಗ್ಯಾಸ್ ಉಸಿರು ಕಟ್ಟಿಸುತ್ತೆ. ತೂಕ ಇಳಿಸೋ ಆಸೆಗೆ ರೂಫ್ ಹೊರೋ ಪಿಲ್ಲರ್, ಬಾಡಿಯ ಅಡ್ಡಪಟ್ಟಿ (ಕ್ರಾಸ್‌ಮೆಂಬರ್)ಗೆಲ್ಲ ತೂತು ಕೊರೀಬೇಡಿ.

ಕೇಜ್‌ಗೆ ಎಫ್‌ಐಎ (ಮೋಟಾರ್ ರೇಸಿಂಗ್‌ನ ವಿಶ್ವ ಸಂಸ್ಥೆ) ನಿಯಮದ ಪ್ರಕಾರ ಮೇನ್ ಹೂಪ್, ಅಂದ್ರೆ ಮುಂದಿನ ಸೀಟಿನ ಹಿಂದೆ ಬರೋ ಮುಖ್ಯ ಕಮಾನು, 45 ಮಿಮೀ ವ್ಯಾಸ, 2.5 ಮಿಮೀ ದಪ್ಪ ಅಥವಾ 50 ಮಿಮೀ, 2 ಮಿಮೀ ದಪ್ಪದ ಸೀಮ್‌ಲೆಸ್ (ಉದ್ದಕ್ಕೆ ಬೆಸುಗೆ ಇಲ್ಲದ) ಸ್ಟೀಲ್ ಪೈಪು, ಅದೂ ನಡುವೆ ಜಾಯಿಂಟ್ ಇಲ್ದೆ ಒಂದೇ ಪೈಪಲ್ಲಿ, ಬಿಸಿ ಮಾಡದೆ ಬಗ್ಗಿಸಿರ್ಬೇಕು. ನೀರಿನ ಪೈಪು ಅಂತೂ ಬೇಡವೇ ಬೇಡ. ಎಲ್ಲರೂ ಎಡವೋದು ರೂಫ್ ಹತ್ರದ ವೆಲ್ಡಿಂಗಲ್ಲಿ, ಪೈಪಿನ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಹೋಗಲ್ಲ ಅಂತ ಪೈಪಿನ ಅರ್ಧ ಸುತ್ತಷ್ಟೇ ವೆಲ್ಡ್ ಮಾಡಿ ಬಿಟ್ಟುಬಿಡ್ತಾರೆ. ಕೇಜ್‌ನ ಪಾದ ಕೂರೋ ಜಾಗದಲ್ಲಿ ಫ್ಲೋರ್ ಕೊರೆದು ಕೇಜ್‌ನ ಕೆಳಗಿಳಿಸಿದ್ರೆ ಮೇಲೆ ಜಾಗ ಸಿಗುತ್ತೆ, ಆಗ ಜಾಯಿಂಟ್‌ಗಳನ್ನ ಪೂರ್ತಿ ಸುತ್ತ ವೆಲ್ಡ್ ಮಾಡಿ, ಆಮೇಲೆ ಮೇಲೆತ್ತಿ ಪಾದದ ಕೆಳಗೆ ಕನಿಷ್ಠ 3 ಮಿಮೀ ದಪ್ಪದ ಪ್ಲೇಟ್ ಕೊಟ್ಟು ಕೂರಿಸಿ.

ಹೆಲ್ಮೆಟ್ ತಾಗಬಹುದಾದ ಕಡೆ ಗಟ್ಟಿ ಪ್ಯಾಡಿಂಗ್ ಬೇಕೇ ಬೇಕು. ಇದೇ ಕಾರಲ್ಲಿ ಹೆಲ್ಮೆಟ್ ಇಲ್ದೆ ರಸ್ತೆಗೆ ಹೋಗ್ಬೇಡಿ ದಯವಿಟ್ಟು, ಸಣ್ಣ ಡಿಕ್ಕಿಯಲ್ಲೂ ಬರಿ ತಲೆ ಪೈಪಿಗೆ ಬಡಿದ್ರೆ ಪ್ರಾಣಕ್ಕೇ ಅಪಾಯ.